ಸಾಲಿನ ಬಾಲ

ಮೈಕಿನ ಸ್ಪಂಜಿಗೆ ಬೇರೆ ಯಾರದೋ ಬಾಯಿಯ ವಾಸನೆ, ಪುದೀನ ಮಿಠಾಯಿ ಚೀಪುತ್ತಾ ಭಾಷಣ ಬಿಗಿದವರದ್ದಿರಬೇಕು, ಅವಳು ಮುಖವನ್ನು ಒಂದಿಷ್ಟು ಹಿಂದಕ್ಕೆ ತಂದುಕೊಂಡಳು, ಆದರೂ ಬಿಡದು, ಇಷ್ಟು ದೊಡ್ಡ ಸಭಾಂಗಣ ಕಟ್ಟಿಸಿದ್ದಾರೆ, ಕುರ್ಚಿಗಳಿಗೆಲ್ಲ ಮಖಮಲ್ಲಿನ ಹೊದಿಕೆ, ಅಂಗೈಯಗಲದ ಸ್ಪಂಜು ತೊಳೆದಿಡುವುದಕ್ಕೆ ದಿಕ್ಕಿಲ್ಲ, ನಮ್ಮ ಅಂಗಡಿಗೆ ಕಳಿಸಿದ್ದರೆ ಬಿಸಿನೀರಲ್ಲಿ ಎರಡು ಸಲ ಜಾಲಾಡಿ ನಂಬರ್ ಚೀಟಿ ಪಿನ್ ಮಾಡಿ ಕೊಡುತ್ತಿದ್ದೆವು — ಒಂದು, ಎರಡು, ಒಂದು, ಎರಡು, ಕೇಳಿಸ್ತಿದೆಯೇನೋ ಡಬ್ಬಿ, ಕೇಳಿಸ್ತಿದೆ ಕಣೇ, ಊರಿಗೆಲ್ಲ ಕೇಳಿಸ್ತಿದೆ, ಸ್ವಲ್ಪ ಮೆಲ್ಲಗೆ. ಡಬ್ಬಿ ಅಲ್ಲಿ ದೂರ, ಖಾಲಿ ಕುರ್ಚಿಗಳ ನಡುವೆ, ಮಿಕ್ಸರಿನ ಹಿಂದೆ, ಕಾಣುವುದು ತಲೆ ಮಾತ್ರ, ಆ ತಲೆಯೂ ಈಗ ನಡುವೆ ಬೋಳಾಗಿದೆ, ಬಿಸ್ಕತ್ತಿನ ಡಬ್ಬಿ ತಲೆಕೆಳಗೆ ಮಾಡಿ ಬಡಿಯುತ್ತಿದ್ದ ಪಕ್ಕದ ಮನೆಯ ಹುಡುಗ, ಅದಕ್ಕೇ ಡಬ್ಬಿ, ಈಗ ಎರಡು ಮಕ್ಕಳ ಅಪ್ಪ, ಆದರೂ ಡಬ್ಬಿಯೇ. ಹೊಗೆ ಮೇಡಂ, ಸ್ವಲ್ಪ ಎಡಕ್ಕೆ ಬನ್ನಿ, ಅಂತಾನೆ ಲೈಟಿನವನು ಮೇಲಿನಿಂದ, ಅವಳಿಗೆ ನಗು ಬರುತ್ತದೆ, ಹೊಗೆ ಮೇಡಂ ಅಂತೆ, ಮೇಡಂ ಅನ್ನುವ ಮರ್ಯಾದೆ ಹಿಂದೆ ಅಂಟಿಸಿದ ಮೇಲೂ ಹೊಗೆ ಹೊಗೆಯೇ ತಾನೇ, ಎಡಕ್ಕೆ ಸರಿಯುತ್ತಾಳೆ, ಇಷ್ಟು ವರ್ಷಗಳ ಮೇಲೂ ಅವಳ ಜಾಗ ಎಡಕ್ಕೇ, ನಡುವಿನ ಬೆಳಕಿನ ವೃತ್ತದಲ್ಲಿ ಅಕ್ಕ, ಕಿಡಿ, ಬೆಳ್ಳಿಬಣ್ಣದ ಜಾಕೆಟ್ಟು, ರಿಹರ್ಸಲ್ಲಿಗೂ ಜಾಕೆಟ್ಟು ಬೇಕು ಮಹಾರಾಣಿಗೆ, ಅವಳು ಈ ಕಡೆ ತಿರುಗಿ ಕಣ್ಣು ಮಿಟುಕಿಸಿ ನೀರಿನ ಬಾಟಲಿಯ ಮುಚ್ಚಳ ತಿರುವುತ್ತಾಳೆ, ಟಕ್, ನೀಲಿ ಮುಚ್ಚಳ, ಅದನ್ನು ಎಡಗೈ ಮುಷ್ಟಿಯಲ್ಲಿ ಇಟ್ಟುಕೊಂಡು ಒಂದು ಗುಟುಕು ಕುಡಿದು ಮತ್ತೆ ಮುಚ್ಚುತ್ತಾಳೆ. ಮೊದಲ ಸಾಲಿನ ಕುರ್ಚಿಯಲ್ಲಿ ಮ್ಯಾನೇಜರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ, ಇದು ಮುಗಿದ ಕೂಡಲೇ ಅವನಿಗೆ ಇವಳು ಹೂಂ ಅನ್ನಬೇಕು ಇಲ್ಲಾ ಉಹೂಂ ಅನ್ನಬೇಕು, ಅಷ್ಟೇ.

ಕಿಡಿ ಮತ್ತು ಹೊಗೆ ಅಂತ ಹೆಸರಿಟ್ಟದ್ದು ಅಪ್ಪ, ಅದೂ ಹರಸಿ ಇಟ್ಟದ್ದಲ್ಲ, ಬೈದು ಇಟ್ಟದ್ದು, ಯಾರದೋ ಮದುಮಗನ ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಮರೆತು ಇಬ್ಬರೂ ಮಾತಿಗೆ ಕೂತಿದ್ದರು, ಅಪ್ಪ ಹಿಂದಿನ ಕೋಣೆಯಿಂದ ಓಡಿ ಬಂದು ಸುಟ್ಟ ತ್ರಿಕೋನವನ್ನು ಎತ್ತಿ ಹಿಡಿದು, ನೋಡಿ ನೋಡಿ, ಒಬ್ಬಳು ಹೊತ್ತಿಸ್ತಾಳೆ, ಇನ್ನೊಬ್ಬಳು ಕಣ್ಣುರಿಸ್ತಾಳೆ, ಇದು ಕಿಡಿ, ಇದು ಹೊಗೆ, ಇವೆರಡನ್ನೂ ನನ್ನ ತಲೆಗೇ ಕಟ್ಟಬೇಕಿತ್ತಾ, ಅಮ್ಮ ಕೌಂಟರಿನ ಹಿಂದೆ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಲಾಂಡ್ರಿಯ ಹಿಂದಿನ ಕೋಣೆ, ಆ ದೊಡ್ಡ ಯಂತ್ರ, ಅದರ ಹೊಟ್ಟೆಯಲ್ಲಿ ಬೆಡ್‌ಶೀಟುಗಳು ಧಬಕ್ ಧಬಕ್, ಆಮೇಲೆ ಹಿಂಡುವಾಗ ಕ್ರಮೇಣ ವೇಗ, ಡಬ್ಬಿ ಅದರ ಜೊತೆ ಬಡಿಯುತ್ತಿದ್ದ, ಅಕ್ಕ ಅದರ ಮೇಲೆ ಮಾತು ಕಟ್ಟುತ್ತಿದ್ದಳು, ಬಂದು ಹೋಗುವ ಗಿರಾಕಿಗಳನ್ನೆಲ್ಲ ಆಡಿಕೊಂಡು, ಯಾರ ಕಾಲರಿನಲ್ಲಿ ಎಷ್ಟು ಕೊಳೆ, ಯಾರ ಜೇಬಿನಲ್ಲಿ ಯಾರ ಕೂದಲು, ಆದರೆ ಅಕ್ಕನಿಗೆ ಉಬ್ಬಸ, ಚಿಕ್ಕಂದಿನಿಂದಲೂ, ಆ ಆವಿಯಲ್ಲಿ ಅವಳ ಎದೆ ಸೀಟಿ ಊದುತ್ತಿತ್ತು, ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಉಸಿರು ಕೈಕೊಡುತ್ತಿತ್ತು, ಕಣ್ಣು ಅಗಲ ಮಾಡಿ ಇವಳ ಕಡೆ ನೋಡುತ್ತಿದ್ದಳು, ಇವಳು ಕೊನೆಯ ಪದ ಹೇಳಿಬಿಡುತ್ತಿದ್ದಳು. ಶಾಲೆಯಲ್ಲೂ ಹಾಗೇ, ಟೀಚರ್, ಅಕ್ಕ ಹೇಳ್ತಿರೋದು ಏನಂದ್ರೆ, ನೆಂಟರ ಮುಂದೂ ಹಾಗೇ, ಅಕ್ಕನಿಗೆ ಇನ್ನೊಂದು ಲೋಟ ಬೇಕಂತೆ, ಅಮ್ಮ ಅನ್ನುತ್ತಿದ್ದಳು, ಇವಳು ಅಕ್ಕನ ಬಾಲ. ಅದೇ ಮಾತು ಆಮೇಲೆ ಅವರ ಕಸುಬಿನ ಮಾತಾಯಿತು, ಬಾಲ ಹಿಡಿಯೋದು, ಅಂದರೆ ಒಬ್ಬರು ಉದ್ದದ ಸಾಲನ್ನು ಒಂದೇ ಉಸಿರಿಗೆ ಹೊಡೆಯುತ್ತಾ ಬಂದಾಗ ಇನ್ನೊಬ್ಬರು ಕೊನೆಯ ಪದದ ಮೇಲೆ ಬಿದ್ದು ಅದನ್ನು ಎತ್ತಿಕೊಳ್ಳುವುದು, ಆ ಒಂದು ಪದದಷ್ಟು ಹೊತ್ತಿನಲ್ಲಿ ಮೊದಲನೆಯವರು ಎದೆ ತುಂಬಿಕೊಂಡು ಮುಂದಿನ ಸಾಲಿಗೆ ಹಾರುವುದು, ಜನಕ್ಕೆ ಅದು ಗೊತ್ತಾಗುವುದಿಲ್ಲ, ಜನಕ್ಕೆ ಕೇಳಿಸುವುದು ಉಸಿರೇ ತೆಗೆದುಕೊಳ್ಳದ ಒಬ್ಬ ರಾಕ್ಷಸಿ. ಅಕ್ಕನ ಉಬ್ಬಸ ಹದಿನೈದಕ್ಕೋ ಹದಿನಾರಕ್ಕೋ ತಾನಾಗಿ ಬಿಟ್ಟುಹೋಯಿತು, ಬಾಲ ಹಿಡಿಯುವುದು ಮಾತ್ರ ಹೋಗಲಿಲ್ಲ. ಮೂವರೂ ಸೇರಿ ‘ಒದ್ದೆ ಬಟ್ಟೆ’ ಅಂತ ರ‍್ಯಾಪ್ ಗುಂಪು ಮಾಡಿದರು, ಹೆಸರು ಕೇಳಿಯೇ ಅಪ್ಪ ಹಣೆ ಚಚ್ಚಿಕೊಂಡ, ಅಲ್ಲಮ್ಮಾ, ಒಣಗಿಸಿ ಕೊಡೋ ಅಂಗಡಿಯವರ ಮಕ್ಕಳು ಒದ್ದೆ ಅಂತ ಬೋರ್ಡು ಹಾಕ್ಕೊಂಡ್ರೆ ನನ್ನ ಗಿರಾಕಿ ಉಳೀತಾರಾ, ಉಳಿದರು, ಹೆಚ್ಚಾದರು, ಕಿಡಿ ಯಾರು ಹೊಗೆ ಯಾರು ಅಂತ ನೋಡಿಕೊಂಡು ಹೋಗಲು ಒಗೆದ ಬಟ್ಟೆಯನ್ನೇ ಮತ್ತೆ ತಂದು ಹಾಕುತ್ತಿದ್ದರು.

ಬೀಟ್ ಶುರುವಾಯಿತು, ಆ ಹಳೇ ಯಂತ್ರದ ಧಬಕ್ ಧಬಕ್, ಡಬ್ಬಿ ಅದನ್ನು ಎಂದೋ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದಾನೆ, ಯಂತ್ರ ಗುಜರಿಗೆ ಹೋಯಿತು, ಹೊಟ್ಟೆಯ ಸದ್ದು ಇಲ್ಲಿದೆ, ಈ ದೊಡ್ಡ ಸ್ಪೀಕರುಗಳಲ್ಲಿ ಅದು ಅಂಗಾಲಿನಿಂದ ಏರಿ ಮೊಣಕಾಲಿಗೆ ಬರುತ್ತದೆ, ಅಕ್ಕ ಹೆಗಲು ಕೊಡವಿ ಮೈಕು ಬಾಯಿಗಿಟ್ಟಳು — ಬಂದವರೆಲ್ಲ ಕೌಂಟರಿನ ಮೇಲೆ ಮೂಗು ಮುಚ್ಚಿಕೊಂಡು ಎಸೆದು ಹೋದದ್ದು ನಿಮ್ಮದೇ ವಾರದ, ಕೊಳೆ, ಇವಳ ಬಾಯಿ ತಾನಾಗಿ ಬಿತ್ತು, ಯೋಚನೆ ಮಾಡುವ ಮೊದಲೇ, ಒಗೆದು ಹಿಂಡಿ ಒಣಗಿಸಿ ಮಡಿಚಿ ಕೈಗೆ ಕೊಟ್ಟ ಮೇಲೆ ನಿಮ್ಮ ಮುಖಕ್ಕೆ ಬಂತು ನೋಡಿ, ಕಳೆ, ನಮ್ಮಮ್ಮನ ಕೈಗೆ ಚಿನ್ನ ಯಾಕೆ ಸಾರ್, ಮೊಣಕೈತನಕ ಸೋಪಿನ ನೊರೆಯೇ, ಬಳೆ, ಆಹಾ, ಎಲ್ಲಿಗೆ ಹೋಗಿತ್ತು ಇದು, ಎಲ್ಲಿ ಅಡಗಿತ್ತು, ಅಕ್ಕನ ಬೆನ್ನಿನ ಮೂಳೆ ಜಾಕೆಟ್ಟಿನೊಳಗೆ ಮೇಲೆದ್ದರೆ ಸಾಲು ಮುಗಿಯಿತು ಅಂತ, ಮೊಣಕೈ ಒಳಗೆ ಎಳೆದುಕೊಂಡರೆ ಉಸಿರು ಸಾಲದು ಬೇಗ ಬಾ ಅಂತ, ಇಷ್ಟು ವರ್ಷ ಆ ಬೆನ್ನನ್ನು ಓದದಿದ್ದರೂ ಒಂದಕ್ಷರ ಮರೆತಿಲ್ಲ, ಸುಖ, ಇದಕ್ಕೆ ಸುಖ ಅಂತಲೇ ಅನ್ನಬೇಕು, ಇನ್ನೊಬ್ಬರ ಉಸಿರಿನ ತುದಿಯಲ್ಲಿ ನಿಂತು ಅವರನ್ನು ಬೀಳದ ಹಾಗೆ ಹಿಡಿಯುವುದು. ಹಿಡಿಯುತ್ತಲೇ ಇದ್ದಳು, ಅಕ್ಕ ಬಿಟ್ಟು ಹೋದ ಮೇಲೂ. ಬಿಟ್ಟು ಹೋದಳು ಅನ್ನುವುದೂ ತಪ್ಪು, ಜಗಳ ಆಗಲಿಲ್ಲ, ಬಾಗಿಲು ಧಡಾರ್ ಅನ್ನಲಿಲ್ಲ, ಒಂದು ದಿನ ಬಟ್ಟೆ ಮಡಿಚುತ್ತಾ, ಎದುರುಬದುರು ನಿಂತು ಬೆಡ್‌ಶೀಟಿನ ನಾಲ್ಕು ಮೂಲೆ ಸೇರಿಸುವಾಗ ಅಂದಳು, ಒಂದೇ ಒಂದು ಹಾಡು ಕಣೇ, ಒಬ್ಬಳೇ ಮಾಡಿ ನೋಡ್ತೀನಿ, ಸರಿ ಮಾಡು ಅಂದಳು ಇವಳು, ಮೂಲೆ ಕೈಗೆ ಕೊಟ್ಟಳು. ಆ ಒಂದು ಹಾಡು ಆಟೋಗಳಲ್ಲಿ, ಮೊಬೈಲ್ ಅಂಗಡಿಗಳಲ್ಲಿ, ಕ್ಷೌರದಂಗಡಿಗಳಲ್ಲಿ, ಎಲ್ಲೆಲ್ಲೂ, ಆಮೇಲೆ ಇನ್ನೊಂದು, ಆಮೇಲೆ ಆಲ್ಬಮ್ಮು, ವಿಮಾನ, ಬೆಳ್ಳಿ ಜಾಕೆಟ್ಟು. ಆ ಹಾಡಿನ ರೆಕಾರ್ಡಿಂಗಿಗೆ ಇವಳನ್ನೂ ಕರೆದಿದ್ದಳು, ಬಾರೇ, ಬಾಲ ಒಂದು ಹಿಡಿದು ಹೋಗು, ನೀನಿಲ್ಲದೆ ನಂಗೆ ಉಸಿರು ಬರಲ್ಲ, ಗಾಜಿನ ಕೋಣೆಯಲ್ಲಿ ಕಿವಿಗೆ ಅಕ್ಕನ ದನಿ ಹಾಕಿಕೊಂಡು ಒಬ್ಬಳೇ ನಿಂತು ಬರೀ ಕೊನೆಯ ಪದಗಳನ್ನು ಹೇಳಿ ಬಂದಳು, ಹೇಳಿ ಸುಮ್ಮನಿರುವುದು, ಹೇಳಿ ಸುಮ್ಮನಿರುವುದು, ಹೊರಗಿನಿಂದ ನೋಡಿದವರಿಗೆ ಹುಚ್ಚಿ ಅನ್ನಿಸಿರಬೇಕು. ಹಾಡಿನ ಕೆಳಗೆ ಹೆಸರು ಇರಲಿಲ್ಲ, ಮನೆಯವಳೇ ಅಲ್ವಾ, ಅಂದಳು ಅಕ್ಕ, ನಿಜವಾಗಿಯೂ ಪ್ರೀತಿಯಿಂದಲೇ ಅಂದಳು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಪ್ಯಾಂಟುಗಳಿಗೆ ನಂಬರ್ ಚೀಟಿ ಪಿನ್ ಮಾಡುತ್ತಾ ಫೋನಿನಲ್ಲಿ ಅಕ್ಕನ ಕಾರ್ಯಕ್ರಮ ನೋಡಿದಳು, ಯಾವುದೋ ದೂರದ ಊರು, ಸಾವಿರಾರು ಕೈ ಮೇಲೆ, ವೇದಿಕೆಯ ಮೇಲೆ ಅಕ್ಕ ಒಬ್ಬಳೇ, ಸಾಲಿನ ಕೊನೆಗೆ ಸ್ಪೀಕರುಗಳಿಂದ ಇವಳ ದನಿ ಬರುತ್ತಿದೆ, ಗುಡ್ಡದಷ್ಟು ದೊಡ್ಡದಾಗಿ, ಅಕ್ಕ ಆ ಹೊತ್ತಿಗೆ ಉಸಿರು ತುಂಬಿಕೊಳ್ಳುತ್ತಿದ್ದಾಳೆ, ಇಲ್ಲಿ ಇವಳ ಬಾಯಲ್ಲಿ ಎರಡು ಪಿನ್ನು, ಬಾಯಿ ಬಿಡುವ ಹಾಗಿಲ್ಲ. ಅಮ್ಮ, ಆ ದನಿ ನಂದು ಅಂದಳು ಪಿನ್ನು ತೆಗೆದ ಮೇಲೆ, ಅಮ್ಮ ಕೇಳಿಸಿಕೊಂಡು, ಹೌದಾ, ನಿಮ್ಮಿಬ್ಬರದೂ ಒಂದೇ ಥರ ಬಿಡು, ಅಂದಳು. ಅವತ್ತು ಯಾಕೋ ಊಟ ಸೇರಲಿಲ್ಲ.

ಹಾಗಂತ ಸುಮ್ಮನೆ ಕೂರಲಿಲ್ಲ ಅವಳು, ಅದನ್ನು ಯಾರೂ ಹೇಳುವ ಹಾಗಿಲ್ಲ, ತಾನೂ ಒಬ್ಬಳೇ ಮಾಡಿದಳು, ಹೊಗೆ ಅಂತ ಅದೇ ಹೆಸರಲ್ಲಿ, ಬೆಳಿಗ್ಗೆ ಅಂಗಡಿ, ಸಂಜೆ ಹಾಡು, ಮೊದಲ ಹಾಡಿನ ರೆಕಾರ್ಡಿಂಗ್ ಮಾಡಿದ ಅಣ್ಣ ಒಬ್ಬ, ಒಳ್ಳೆಯವನು, ದಪ್ಪ ಕನ್ನಡಕ, ಒಂದೇ ಸಾಲನ್ನು ಇಪ್ಪತ್ತು ಸಲ ಹೇಳಿಸಿ ಕೊನೆಗೆ ಕನ್ನಡಕ ತೆಗೆದು ಒರೆಸುತ್ತಾ ಕೇಳಿದ, ಅಲ್ಲಮ್ಮಾ, ನೀನು ಪ್ರತಿ ಸಾಲೂ ಒಂದು ಕೂದಲೆಳೆಯಷ್ಟು ತಡವಾಗಿ ಎತ್ತುತ್ತೀಯಲ್ಲ, ತಾಳ ಬಂದು ಹೋದ ಮೇಲೆ, ಯಾರ ಹಿಂದೆ ಹೋಗ್ತಿದ್ದೀಯ? ಅವಳಿಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ, ಗಾಜಿನ ಈ ಕಡೆ ಖಾಲಿ ಕೋಣೆ, ಮುಂದೆ ಯಾರೂ ಇಲ್ಲ, ಆದರೂ ಯಾರದೋ ಬೆನ್ನು ಏಳುವುದನ್ನು ನೋಡಿಯೇ ಬಾಯಿ ತೆಗೆಯುತ್ತಿದ್ದಾಳೆ. ತಿದ್ದಿಕೊಳ್ಳಲು ಹೋದಳು, ಆಗಲಿಲ್ಲ, ಕಾಲಲ್ಲಿ ತಾಳ ಹಾಕಿದಳು, ಕಣ್ಣು ಮುಚ್ಚಿದಳು, ಗೋಡೆಗೆ ಮುಖ ಮಾಡಿ ನಿಂತಳು, ಉಹೂಂ, ಕಡೆಗೆ ಅಣ್ಣನೇ, ಬಿಡು, ಅದೇ ನಿನ್ನ ಸ್ಟೈಲು ಅಂತ ಹೇಳೋಣ, ಅಂದ, ಕೇಳಿದ ನಾಲ್ಕು ಜನ ಅದನ್ನೇ ಹೊಗಳಿದರು, ಆಹಾ ಸೋಮಾರಿಯಾಗಿ ಬರುತ್ತೆ ಈ ಹುಡುಗಿಯ ಸಾಲು, ಎಷ್ಟು ಆರಾಮ, ಎಷ್ಟು ಚುಟುಕು. ಚುಟುಕು, ಹೌದು, ಅವಳ ಸಾಲುಗಳು ಮೊದಲಿನಿಂದಲೂ ಗೇಣುದ್ದ, ನಾನು ಹೊಗೆ, ಕಿಟಕಿ ತೆಗೆ, ಸಾಕು ಈ ಧಗೆ, ಹೋಗ್ತೀನಿ ಹೊರಗೆ, ಮೂರು ಮಾತು, ಉಸಿರು, ಮೂರು ಮಾತು, ಉಸಿರು, ಪೋಸ್ಟ್ ಆಫೀಸಿನ ತಂತಿ ಥರ ಬರೀತೀಯಲ್ಲೇ, ಪದಕ್ಕಿಷ್ಟು ಅಂತ ಕಾಸು ಕೊಡ್ತೀಯಾ, ಅಂತ ಅಕ್ಕ ಗೋಳು ಹುಯ್ದುಕೊಳ್ಳುತ್ತಿದ್ದಳು, ಇವಳೂ ನಗುತ್ತಿದ್ದಳು, ಕಾರಣ ಯಾಕೆ ಹೇಳುವುದು, ಬಾಲ ಹಿಡಿಯುವವರು ಇಲ್ಲದವಳು ಬಾಲ ಬಿಡುವುದು ಹೇಗೆ. ಒದ್ದೆ ಬಟ್ಟೆಯ ಕಾರ್ಯಕ್ರಮಗಳಲ್ಲಿ ಇವಳ ಚರಣ ಬಂದಾಗ ಅಕ್ಕ ನೀರು ಕುಡಿಯುತ್ತಿದ್ದಳು, ಪಾಪ ಕುಡಿಯಲೇಬೇಕು, ಅಷ್ಟು ಹೊತ್ತು ಬೆಂಕಿ ಕಾರಿದ ಗಂಟಲು, ಟಕ್, ನೀಲಿ ಮುಚ್ಚಳ ಎಡ ಮುಷ್ಟಿಗೆ, ಬಾಟಲಿ ಮೇಲಕ್ಕೆ, ಡಬ್ಬಿ ಹಿಂದಿನಿಂದ ಕಿಚಾಯಿಸುತ್ತಿದ್ದ, ಹೊಗೆಯ ಚರಣ ಅಂದ್ರೆ ಕಿಡಿಗೆ ನೀರಿನ ಬ್ರೇಕು. ಆಮೇಲೆ ಅರ್ಧ ಬಾಟಲಿಯನ್ನು ಇವಳ ಕಡೆ ಚಾಚುತ್ತಿದ್ದಳು, ಇಕೋ, ನೀನೂ ಕುಡಿ, ಒಂದು ದಿನವೂ ಪೂರ್ತಿ ಕುಡಿದದ್ದಿಲ್ಲ, ಸರಿಯಾಗಿ ಅರ್ಧ, ಇವಳು ಕುಡಿದು ಮುಗಿಸುವ ತನಕ ಆ ಮುಚ್ಚಳವನ್ನು ಮುಷ್ಟಿಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದಳು. ಒಬ್ಬಳೇ ಹಾಡುವಾಗ ಅದೇ ನೆನಪಾಗುತ್ತಿತ್ತು, ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೋಡೆಗೆಲ್ಲ ಟೈರು, ಗ್ರೀಸಿನ ವಾಸನೆ, ಮೂವತ್ತೋ ನಲವತ್ತೋ ಜನ ಸ್ಟೂಲು ಪೆಟ್ಟಿಗೆ ಸಿಕ್ಕಿದ್ದರ ಮೇಲೆ ಕೂತು ಕೇಳುತ್ತಿದ್ದರು, ಚಪ್ಪಾಳೆಯೂ ಬರುತ್ತಿತ್ತು, ಹಾಡು ಮುಗಿಸಿ ಅವಳು ಪಕ್ಕಕ್ಕೆ ಕೈ ಚಾಚುತ್ತಿದ್ದಳು, ಅಭ್ಯಾಸಬಲ, ಅಲ್ಲಿ ಬಾಟಲಿ ಇರುತ್ತಿರಲಿಲ್ಲ. ಚಾಚಿದ ಕೈಯಿಂದ ಕೂದಲು ಸರಿಮಾಡಿಕೊಳ್ಳುತ್ತಿದ್ದಳು, ಅಲ್ಲಿ ಕೂತವರಿಗೆ ಗೊತ್ತಾಗಬಾರದು ನೋಡಿ.

ಹೋದ ವಾರ ಅಕ್ಕ ಅಂಗಡಿಗೇ ಬಂದಳು, ಕಪ್ಪು ಕನ್ನಡಕ ಹಾಕಿಕೊಂಡು, ಕೌಂಟರಿನ ಆಚೆ ಗಿರಾಕಿಗಳ ಜಾಗದಲ್ಲಿ ನಿಂತು, ಅಮ್ಮ ಮೊದಲು ಗುರುತು ಹಿಡಿಯದೆ ರಸೀದಿ ಕೊಡಿ ಅಂದುಬಿಟ್ಟಳು, ಆಮೇಲೆ ಎಲ್ಲರೂ ನಕ್ಕು ನಕ್ಕು ಸುಸ್ತು. ಮೂರನೇ ಆಲ್ಬಮ್ಮು ಮಲಗಿಬಿಟ್ಟಿತು ಕಣೇ, ಏಳಲೇ ಇಲ್ಲ, ಅಂದಳು ಹಿಂದಿನ ಕೋಣೆಯಲ್ಲಿ ಹಳೇ ಸ್ಟೂಲಿನ ಮೇಲೆ ಕೂತು, ಜನಕ್ಕೆ ಒದ್ದೆ ಬಟ್ಟೆ ಬೇಕಂತೆ, ಮ್ಯಾನೇಜರ್ ಹೇಳ್ತಾರೆ, ಒಂದು ವರ್ಷ ಪೂರ್ತಿ ಊರೂರು, ಮೂವರೂ ಸೇರಿ, ಆದ್ರೆ ಆ ವರ್ಷದಲ್ಲಿ ಯಾರೂ ಒಬ್ಬೊಬ್ರೇ ಏನೂ ಮಾಡೋ ಹಾಗಿಲ್ಲ, ನಾನೂ ಇಲ್ಲ ನೀನೂ ಇಲ್ಲ. ನೀನೂ ಇಲ್ಲ ಅಂದಾಗ ಅವಳ ಕಣ್ಣು ನೆಲ ನೋಡಿತು, ಸೈಕಲ್ ಅಂಗಡಿಯ ಹಿಂದಿನ ಕೋಣೆಯನ್ನು ಲೆಕ್ಕಕ್ಕೆ ಹಿಡಿದು ಮಾತಾಡುವುದು ಅವಳಿಗೂ ಮುಜುಗರವೇ, ಬೇರೆಯವರು ಹಾಗೆ ಅಂದಿದ್ದರೆ ಇವಳು ಉರಿದು ಬೀಳುತ್ತಿದ್ದಳು, ಆದರೆ ಅದು ಅಕ್ಕ, ಇಷ್ಟು ದಿನ ಆದ ಮೇಲೆ ಹತ್ತಿರ ಕೂತಿದ್ದಾಳೆ, ಅದೇ ಕೊಬ್ಬರಿ ಎಣ್ಣೆಯ ಕೂದಲು, ಅದೇ ಎದೆಯೊಳಗೆ ಎಲ್ಲೋ ಒಂದು ಚಿಕ್ಕ ಸೀಟಿ, ಇವಳೊಬ್ಬಳಿಗೇ ಕೇಳಿಸುವಂಥದ್ದು. ಹಾಗೆ ನೋಡಿದರೆ ಕೊಡುವುದು ಏನೂ ಕಡಿಮೆಯಲ್ಲ, ಆ ಟೈರುಗಳ ನಡುವೆ ಅವಳು ತನ್ನದೇ ಅಂತ ಕಟ್ಟಿಕೊಂಡದ್ದಿದೆ, ಮೆಟ್ಟಿಲ ಮೇಲೆ ಮೆಟ್ಟಿಲು, ಒಂದು ವರ್ಷ ಬಿಟ್ಟರೆ ಆ ಸ್ಟೂಲುಗಳ ಮೇಲೆ ಬೇರೆ ಯಾರದೋ ಹಾಡಿಗೆ ಜನ ಕೂತಿರುತ್ತಾರೆ, ಸೈಕಲ್ ಅಂಗಡಿಯ ಅಂಕಲ್ ಇವತ್ತು ಬೆಳಿಗ್ಗೆಯೂ ಫೋನ್ ಮಾಡಿದ್ದರು, ಮುಂದಿನ ತಿಂಗಳ ದಿನ ನಿನಗೇ ಅಂತ ಇಟ್ಟಿದ್ದೀನಮ್ಮ, ಸಾಯಂಕಾಲದೊಳಗೆ ಹೇಳಿಬಿಡು, ಇನ್ನೊಬ್ಬ ಕೇಳ್ತಿದ್ದಾನೆ. ಅವತ್ತು ಕೊಡುತ್ತೇನೆ ಅಂದಳು ಒಳಗೊಳಗೇ, ಎಲ್ಲ ಕೊಡುತ್ತೇನೆ, ಅಕ್ಕನಿಗೆ ಮಾತ್ರ ಬಾಯಿಬಿಟ್ಟು ಒಂದೇ ಒಂದು ಕೇಳಿದಳು, ಕೇಳುವಾಗ ದನಿ ಯಾಕೋ ಚಿಕ್ಕದಾಯಿತು, ಅಕ್ಕ, ನಾನು ಬರ್ತೀನಿ, ಆದ್ರೆ ನನ್ನ ಚರಣಕ್ಕೆ ನೀನು ಬಾಲ ಹಿಡೀಬೇಕು. ಅಕ್ಕ ಜೋರಾಗಿ ನಕ್ಕು ಅವಳ ಕೆನ್ನೆ ಹಿಂಡಿದಳು, ಅಷ್ಟೇನಾ, ಇದಕ್ಕೆ ಇಷ್ಟು ಪೀಠಿಕೆ ಯಾಕೆ, ಹಿಡೀತೀನಿ ಕಣೇ. ಅವತ್ತು ರಾತ್ರಿಯಿಂದ ಬರೆಯಲು ಕೂತಳು, ಹುಟ್ಟಿದಾಗಿನಿಂದ ಬರೆಯದಷ್ಟು ಉದ್ದದ ಸಾಲುಗಳು, ಒಬ್ಬಳ ಉಸಿರಿಗೆ ಸಾಲದಂಥವು, ಬೇಕೆಂದೇ, ಕೊನೆಯ ಪದಕ್ಕೆ ಬರುವಷ್ಟರಲ್ಲಿ ಎದೆ ಪೂರ್ತಿ ಖಾಲಿಯಾಗುವಂಥವು, ಹಾಸಿಗೆಯ ಮೇಲೆ ಕೂತು ಅಭ್ಯಾಸ ಮಾಡಿದಾಗ ಕಣ್ಣು ಕತ್ತಲೆ ಬಂದು ದಿಂಬಿನ ಮೇಲೆ ಬಿದ್ದಳು, ಬಿದ್ದವಳು ನಕ್ಕಳು, ಬೀಳುವುದಕ್ಕೆ ಹೆದರಿಕೆಯೇ ಆಗಲಿಲ್ಲ. ಸಾಲುಗಳನ್ನು ಡಬ್ಬಿಯ ಫೋನಿಗೆ ಕಳಿಸಿದಳು, ಅಕ್ಕನಿಗೂ ತೋರಿಸು ಅಂತ.

ಅಕ್ಕನ ಚರಣ ಮುಗಿಯಿತು, ಒಗೆ, ಹಿಂಡು, ಒಗೆ, ಹಿಂಡು, ಪಲ್ಲವಿಯಲ್ಲಿ ಇಬ್ಬರೂ ಒಟ್ಟಿಗೆ, ಅಕ್ಕ ನಡುವಿನಿಂದ ಸರಿದು ಇವಳಿಗೆ ಬೆಳಕಿನ ವೃತ್ತ ಬಿಟ್ಟುಕೊಟ್ಟಳು, ಹೋಗು ಅಂತ ಬೆನ್ನಿಗೆ ಅಂಗೈಯಿಂದ ಒಂದು ತಟ್ಟು, ಆ ತಟ್ಟಿದ ಜಾಗ ಬಿಸಿಯಾಗಿಯೇ ಇದೆ, ಬೆಳಕು ಕಣ್ಣಿಗೆ ಹೊಡೆಯುತ್ತದೆ, ಕುರ್ಚಿಗಳೆಲ್ಲ ಕರಗಿ ಕಪ್ಪು, ಅಕ್ಕ ಈಗ ಹಿಂದೆ ಇದ್ದಾಳೆ, ಎಡಕ್ಕೆ, ಇವಳ ಜಾಗದಲ್ಲಿ, ಮೊಟ್ಟಮೊದಲ ಸಲ ಅಕ್ಕ ಇವಳ ಬೆನ್ನು ನೋಡುತ್ತಿದ್ದಾಳೆ, ಓದುತ್ತಾಳಾ, ಗೊತ್ತಾಗುತ್ತದಾ ಅವಳಿಗೆ, ಗೊತ್ತಾಗದೆ ಏನು, ಒಂದೇ ಹಾಸಿಗೆಯಲ್ಲಿ ಮಲಗಿದವರು, ಧಬಕ್ ಧಬಕ್ ಧಬಕ್ — ಅಂಗಡಿಯ ಶಟರ್ ಎಳೆದ ಮೇಲೂ ಬಿಸಿ ಆರದ ಆ ಕೋಣೆಯೊಳಗೆ ಒಣಗದ ಬಟ್ಟೆಗಳ ನಡುವೆ ನೀನು ಶುರು ಮಾಡಿ ಉಸಿರು ಸಾಲದೆ ಬಿಟ್ಟದ್ದನ್ನೆಲ್ಲ ನಾನು ಮುಗಿಸುತ್ತಿದ್ದೆನಲ್ಲ, ಆ — ಎದೆ ಖಾಲಿ, ತುದಿ, ಒಂದು ಕೂದಲೆಳೆ — ಮಾತು! ಬಂತು, ಅಕ್ಕನ ದನಿ, ಬಲಗಿವಿಯಲ್ಲೂ ಎಡಗಿವಿಯಲ್ಲೂ, ದಪ್ಪವಾಗಿ, ತಾಳಕ್ಕೆ ಸರಿಯಾಗಿ, ಅದರ ಮೇಲೆ ಅವಳು ಕಾಲಿಟ್ಟಳು, ಗಾಳಿ ಒಳಗೆ ನುಗ್ಗಿತು, ಅಯ್ಯೋ ಹೀಗಿರುತ್ತದಾ, ಹೀಗಾ ಇಷ್ಟು ವರ್ಷ ಅವಳಿಗೆ ಆಗುತ್ತಿದ್ದದ್ದು, ಹಿಡಿದುಕೊಳ್ಳುತ್ತಾರೆ ಅಂತ ಗೊತ್ತಿದ್ದು ಹಾರುವುದು, ಕಣ್ಣಲ್ಲಿ ನೀರು ಬಂದೇಬಿಟ್ಟಿತು, ಬರಲಿ — ಈಗ ಶುರು ಮಾಡಿದವಳು ನಾನು, ಎದೆ ಬತ್ತುವ ತನಕ ಹೇಳುತ್ತೀನಿ, ಎಲ್ಲಿಗೂ ಏಳಬೇಡ ಯಾರನ್ನೂ ನೋಡಬೇಡ ಒಂದು ಸಲ ಕೇಳು ಅಕ್ಕ ನನ್ನ ಪಕ್ಕ, ಅವಳಿಗೆ ತಡೆಯಲಾಗಲಿಲ್ಲ, ಬಾಲ ಹಿಡಿಯುವ ಅಕ್ಕನ ಮುಖ ನೋಡಬೇಕು, ತಾನು ಹಿಡಿಯುವಾಗ ತನ್ನ ಮುಖ ಹೀಗೇ ಇತ್ತೇನೋ ಅಂತ, ತಿರುಗಿದಳು — ಕೂತು! ದನಿ ಬಂತು, ಅದೇ ದಪ್ಪ, ಅದೇ ತಾಳ, ಅಕ್ಕನ ಬಾಯಿಯಲ್ಲಿ ಬಾಟಲಿ ಇದೆ, ಕತ್ತು ಹಿಂದಕ್ಕೆ ಬಾಗಿದೆ, ಗಂಟಲು ಗುಟುಕ್ ಗುಟುಕ್ ಅನ್ನುತ್ತಿದೆ, ಕೂತು ಅನ್ನುವ ಪದ ಸ್ಪೀಕರಿನಿಂದ ಬಂದು ಕುರ್ಚಿಗಳ ಮೇಲೆ ಹಾದು ಹಿಂದಿನ ಗೋಡೆಗೆ ತಾಗಿತು, ಅಕ್ಕನ ಎಡಗೈ ಮುಷ್ಟಿ, ಬೆರಳ ಸಂದಿಯಲ್ಲಿ ನೀಲಿ.

ಅವಳು ನಿಲ್ಲಿಸಿದಳು, ನಿಲ್ಲಿಸಿದಳೋ ನಿಂತುಹೋಯಿತೋ, ಧಬಕ್ ಧಬಕ್ ಮಾತ್ರ ನಡೆದಿದೆ, ಅವಳು ಹೇಳದ ಮೂರನೇ ಸಾಲು ಹೇಳದೆಯೇ ಹಾದುಹೋಗುತ್ತಿದೆ, ಅದರ ಕೊನೆಯಲ್ಲಿ, ಸೋತು!, ಅಂತು ಅಕ್ಕನ ದನಿ, ಯಾರೂ ಇಲ್ಲದ ಸಾಲಿಗೆ, ತಪ್ಪದೆ, ಅಕ್ಕ ಬಾಟಲಿ ಇಳಿಸಿ ಬಾಯಿ ಒರೆಸಿಕೊಂಡು, ಯಾಕೆ ನಿಲ್ಲಿಸಿದೆ, ಎಷ್ಟು ಚೆನ್ನಾಗಿ ಬರ್ತಿತ್ತು, ನಿನ್ನೆ ಸಾಯಂಕಾಲ ಪೂರ್ತಿ ಡಬ್ಬಿ ಹತ್ರ ಕೂತು ರೆಕಾರ್ಡ್ ಮಾಡಿದ್ದು ಕಣೇ, ಒಂದೂ ಬಿಟ್ಟಿಲ್ಲ ನೋಡು, ಅಬ್ಬಾ ಏನುದ್ದ ಬರೆದಿದ್ದೀಯ ಮಾರಾಯ್ತಿ, ಡಬ್ಬಿ ದೂರದಿಂದ ಹೆಬ್ಬೆರಳು ಎತ್ತಿದ, ಅವನಿಗೂ ಖುಷಿ, ಮೋಸ ಅಲ್ಲ ಇದು, ಮೋಸ ಆಗಿದ್ದರೆ ಸುಲಭ, ಅಕ್ಕ ಇವಳ ಮುಖ ನೋಡಿ ಹುಬ್ಬು ಗಂಟು ಮಾಡಿದಳು, ನಿಜವಾಗಿಯೂ ಅರ್ಥವಾಗದೆ, ಏನಾಯ್ತೇ, ನೀನೂ ನಂಗೆ ಹಾಗೇ ತಾನೇ ಹಿಡಿದುಕೊಟ್ಟಿದ್ದು? ಹೌದು, ಹಾಗೇ, ಗಾಜಿನ ಕೋಣೆಯಲ್ಲಿ, ಹೇಳಿ ಸುಮ್ಮನಿರುವುದು, ಬಾಯಲ್ಲಿ ಎರಡು ಪಿನ್ನು, ಎಂಥ ಸರಿಯಾದ ಮಾತು, ಅಕ್ಕನ ಹತ್ತಿರ ಇದ್ದದ್ದನ್ನು ಅಕ್ಕ ಕೊಟ್ಟಿದ್ದಾಳೆ, ಪಕ್ಕದಲ್ಲಿ ನಿಂತು ಒಂದು ಪದ ಹೇಳುವುದು ಅವಳಿಗೆ ಗೊತ್ತಿಲ್ಲ, ಯಾರೂ ಕಲಿಸಲಿಲ್ಲ, ಕಲಿಯಬೇಕಾದ ಹೊತ್ತಿನಲ್ಲೆಲ್ಲ ನೀರು ಕುಡಿಯುತ್ತಿದ್ದಳು. ಮ್ಯಾನೇಜರ್ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿ, ಬೊಂಬಾಟ್, ಹಾಗಾದ್ರೆ ಹೊಗೆ ಮೇಡಂ ಕಡೆಯಿಂದ ಹೂಂ ಅಂತ ತಿಳ್ಕೊಳ್ಲಾ? ಇಲ್ಲ, ಅಂದಳು ಅವಳು, ಧಬಕ್ ಅನ್ನುವುದರ ಮೇಲೆ ಸರಿಯಾಗಿ, ಒಂದು ಕೂದಲೆಳೆ ಹಿಂದಿಲ್ಲ ಮುಂದಿಲ್ಲ, ಯಾರ ಬೆನ್ನನ್ನೂ ನೋಡದೆ, ಮೈಕಿನಲ್ಲೇ ಅಂದಳು, ಅಷ್ಟು ದೊಡ್ಡ ಸಭಾಂಗಣ ತುಂಬಾ ಆ ಒಂದೇ ಪದ, ಅದಕ್ಕೆ ಬಾಲ ಇಲ್ಲ, ಕನ್ನಡಕದ ಅಣ್ಣ ಇದ್ದಿದ್ದರೆ ಎದ್ದು ನಿಲ್ಲುತ್ತಿದ್ದ. ತಾಳಕ್ಕೆ ಸರಿಯಾಗಿ ಬಂದದ್ದಕ್ಕೆ ಇಷ್ಟು ಚಳಿಯಾಗುತ್ತದೆ ಅಂತ ಗೊತ್ತಿರಲಿಲ್ಲ. ಇಲ್ಲ ಅಂದ್ರೆ, ಅಂತಿದ್ದಾಳೆ ಅಕ್ಕ, ಏನು ಇಲ್ಲ, ಯಾಕೆ ಇಲ್ಲ, ಗಂಟಲು ಒಣಗಿದೆ ಇವಳಿಗೆ ಅಷ್ಟೇ ಸಾರ್, ಬಾರೇ, ಇಕೋ, ಕುಡಿ, ಬಾಟಲಿ ಚಾಚಿದ್ದಾಳೆ, ಅರ್ಧ, ಇವತ್ತೂ ಸರಿಯಾಗಿ ಅರ್ಧ, ಮಾತು!, ಅಂತು ಸ್ಪೀಕರಿನ ಅಕ್ಕ, ಮೊದಲ ಸಾಲಿನ ಪದಕ್ಕೇ ಮರಳಿ ಮುಗಿದ ಚರಣದ ಕೊನೆಯ ಬಾಲ, ಅವಳ ಕೈ ಬಾಟಲಿಯ ಕಡೆ ಹೋಗಿ ನಡುವೆಯೇ ನಿಂತಿದೆ, ಅಕ್ಕ ಕಾಯುತ್ತಿದ್ದಾಳೆ, ಎಡ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು, ಇವಳು ಕುಡಿದು ಮುಗಿಸಲಿ ಅಂತ, ಬೆರಳ ಸಂದಿಯಲ್ಲಿ ನೀಲಿ ಮುಚ್ಚಳ, ನೀಲಿ ಮುಚ್ಚಳ, ಅಕ್ಕನ ಮುಷ್ಟಿಯಲ್ಲಿ, ನೀಲಿ